ಹೆಬ್ಬೆರಳಿನ ಮಾತು

ಬೈಕಿನ ವಿಷಯ ಬಂದರೆ ಎಲ್ಲರೂ ಎಂಜಿನ್ ಹೊಗಳುತ್ತಾರೆ. ನನ್ನ ಮನಸ್ಸು ಮಾತ್ರ ಹ್ಯಾಂಡಲಿನ ಎಡತುದಿಗೆ ಓಡುತ್ತದೆ. ಅಲ್ಲಿ ಹೆಬ್ಬೆರಳಿಗೆ ಎಟಕುವ ಅಂಗೈಯಗಲದ ಜಾಗದಲ್ಲಿ ಲೈಟು, ಡಿಮ್ಮು-ಡಿಪ್ಪು, ಹಾರ್ನು, ಇಂಡಿಕೇಟರು ಒಟ್ಟಿಗೆ ಸಂಸಾರ ಹೂಡಿವೆ. ಇವುಗಳಲ್ಲಿ ಒಂದು ಗುಂಡಿಯೂ ಗಾಡಿಯನ್ನು ಒಂದಿಂಚು ಮುಂದೆ ಒಯ್ಯದು. ಎದುರು ಬರುವವನ ಕಣ್ಣು ಕುಕ್ಕದಿರಲು ಡಿಮ್ಮು, ಹಿಂದಿನವನಿಗೆ ಇಂಡಿಕೇಟರು, ಮುಂದಿನವನಿಗೆ ಹಾರ್ನು. ದಾರಿಯಲ್ಲಿ ಸಿಗುವ ಅಪರಿಚಿತರೊಡನೆ ಆಡುವ ಮಾತೆಲ್ಲ ಇಲ್ಲಿಂದಲೇ ಹೊರಡಬೇಕು. ಅದಕ್ಕೇ ಈ ಸ್ವಿಚ್ಚಿಗೆ ವೈರಿಂಗ್ ಮಾಡುವುದೆಂದರೆ ನನಗೆ ಅಷ್ಟು ಪ್ರೀತಿ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಹಳೆಯ ಗಾಡಿ ಸಿಕ್ಕಿದರಂತೂ ಹಬ್ಬ. 1960ರ ದಶಕದ ಆ ಜಾವಾಗಳಿಗೆ ಇಂಡಿಕೇಟರೇ ಇರಲಿಲ್ಲ. ತಿರುಗಬೇಕಾದವನು ಕೈ ಚಾಚುತ್ತಿದ್ದ. ಇಂದಿನ ಟ್ರಾಫಿಕ್ಕಿನಲ್ಲಿ ಅದು ಸಾಲದು, ಹೊಸ ಸ್ವಿಚ್ ಕೂರಿಸಬೇಕು. ಹಳೆಯ ಜಾವಾದ ಕರೆಂಟು 6 ವೋಲ್ಟಿನದು. 35 ವ್ಯಾಟಿನ ಬಲ್ಬಿಗೆ 12 ವೋಲ್ಟಿನಲ್ಲಿ ಸುಮಾರು 3 ಆಂಪಿಯರ್ ಸಾಕು, 6 ವೋಲ್ಟಿನಲ್ಲಿ ಸುಮಾರು 6 ಬೇಕು. ಸಡಿಲ ಜೋಡಣೆಯೊಂದು ಅರ್ಧ ವೋಲ್ಟ್ ನುಂಗಿದರೂ ಬೆಳಕು ಕಣ್ಣಿಗೆ ಕಾಣುವಷ್ಟು ಮಂಕಾಗುತ್ತದೆ. ಹಾಗಾಗಿ ವೈರು ದಪ್ಪಗಿರಬೇಕು, ಬೆಸುಗೆ ಗಟ್ಟಿಯಿರಬೇಕು.

ಯಾವ ವೈರು ಯಾವುದಕ್ಕೆಂದು ಬಣ್ಣ ಹೇಳಬೇಕು. ಹೋಂಡಾ ಗಾಡಿಗಳಲ್ಲಿ ಎಡ ಇಂಡಿಕೇಟರಿಗೆ ಕಿತ್ತಳೆ ವೈರು, ಬಲಕ್ಕೆ ತಿಳಿನೀಲಿ, ಅರ್ತಿಗೆ ಹಸಿರು ಎಂಬ ಕಟ್ಟಳೆಯಿದೆ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಂದ ಬಿಡಿ ಸ್ವಿಚ್ಚಿನ ಬಣ್ಣಗಳನ್ನು ಹಾಗೆ ನಂಬಲಾಗದು. ಮಲ್ಟಿಮೀಟರಿನ ಕಡ್ಡಿಗಳನ್ನು ಎರಡು ವೈರಿಗೆ ಮುಟ್ಟಿಸಿ ಗುಂಡಿ ಸರಿಸುತ್ತೇನೆ. ಬೀಪ್ ಎಂದಾಗಲೆಲ್ಲ ಒಂದೊಂದು ದಾರಿ ತಿಳಿಯುತ್ತದೆ, ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ.

ದಾರಿಗಳೆಲ್ಲ ಒಂದೇ ಥರ ಇಲ್ಲ. ಇಂಡಿಕೇಟರಿನ ಕರೆಂಟು ಮೊದಲು ಫ್ಲಾಷರ್ ಹೊಕ್ಕು, ಮಿನುಗುವ ಲಯ ಹೊತ್ತುಕೊಂಡೇ ಸ್ವಿಚ್ಚಿಗೆ ಬಂದು ಎಡಕ್ಕೋ ಬಲಕ್ಕೋ ತಿರುಗುತ್ತದೆ. ನಿಮಿಷಕ್ಕೆ 60ರಿಂದ 120 ಮಿನುಗು ಅದರ ಸರಿಯಾದ ಲಯ. ಒಂದು ಬಲ್ಬು ಸತ್ತರೆ ಲಯ ಕೆಡುತ್ತದೆ. ರೋಗ ತಾನೇ ಕೂಗಿ ಹೇಳುತ್ತದೆ. ಹಳೆಯ ಗಾಡಿಗಳ ಹಾರ್ನಿನದು ಇನ್ನೂ ಸೊಗಸು. ಕರೆಂಟು ಸದಾ ಹಾರ್ನಿನವರೆಗೆ ಬಂದು ಕಾಯುತ್ತಿರುತ್ತದೆ. ಗುಂಡಿ ಒತ್ತಿದರೆ ಹ್ಯಾಂಡಲಿನ ಲೋಹದ ಮೂಲಕ ಅದಕ್ಕೆ ಅರ್ತ್ ಸಿಗುತ್ತದೆ, ಅಷ್ಟೇ. ಹ್ಯಾಂಡಲಿಗೆ ಹೊಸ ಪೇಂಟ್ ಬಳಿದರೆ ಹಾರ್ನು ಮೂಕವಾಗಬಹುದು! ಕ್ಲಾಂಪಿನ ಕೆಳಗೆ ಕಾಸಿನಗಲ ಕೆರೆದರೆ ಮತ್ತೆ ಬಾಯಿ ಬರುತ್ತದೆ.

ಬೆಸುಗೆ ಹಾಕಿ, ಸ್ಲೀವ್ ಏರಿಸಿ, ಬಿಸಿ ತಾಗಿಸಿದರೆ ಅದು ಕುಗ್ಗಿ ವೈರನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಆಮೇಲೆ ಹ್ಯಾಂಡಲನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಬೇಕು. ಎಲ್ಲೂ ಎಳೆಯಬಾರದು, ಎಲ್ಲೂ ಸಿಕ್ಕಿಕೊಳ್ಳಬಾರದು.

2017ರ ಏಪ್ರಿಲ್‌ನಿಂದ ನಮ್ಮ ಹೊಸ ಬೈಕುಗಳಲ್ಲಿ ಹೆಡ್‌ಲೈಟ್ ಎಂಜಿನ್ನಿನ ಜೊತೆಗೇ ಹತ್ತುತ್ತದೆ; ಆರಿಸುವ ಗುಂಡಿಯೇ ಇಲ್ಲ. ಎದುರಿನವರಿಗೆ ಕಾಣಿಸಿಕೊಳ್ಳುವುದನ್ನು ಸವಾರನ ಇಷ್ಟಕ್ಕೆ ಬಿಡದ ಆ ನಿಯಮ ನನಗೆ ಒಪ್ಪಿಗೆ. ಉಳಿದ ಮಾತುಗಳನ್ನು ಇನ್ನೂ ಹೆಬ್ಬೆರಳೇ ಆಡಬೇಕು. ಅದು ಒತ್ತಿದಾಗ ಗಾಡಿ ತಡವರಿಸಬಾರದು. ಅದಕ್ಕೇ ಯಾರ ಕಣ್ಣಿಗೂ ಬೀಳದ ಬೆಸುಗೆಯನ್ನೂ ನಾನು ಎಳೆದು ನೋಡಿಯೇ ಮುಚ್ಚುವುದು.