ಸಹಿ ಹಾಕುವ ರಾತ್ರಿ

ಬನ್ನಿ, ಈ ಹಜಾರದಲ್ಲಿ ಕೂತುಕೊಳ್ಳಿ. ಸ್ವಲ್ಪ ಹೊತ್ತು ನೀವೇ ಈ ತಾಯಿ. ಹಿಂದೂಪುರದ ಹೊರಗಿನ ಒಂದು ಹಳ್ಳಿ. ಮೂಲೆಯಲ್ಲಿ ಕಡಲೆಕಾಯಿ ಮೂಟೆ, ಉಗುರಿನ ಸಂದಿಯಲ್ಲಿ ಹೊಲದ ಕೆಮ್ಮಣ್ಣು. ಹನ್ನೆರಡು ವರ್ಷದ ಮಗಳು ಒಳಗೆ ಮಲಗಿದ್ದಾಳೆ. ಶಾಲೆಯಿಂದ ಅವಳು ತಂದ ಹಾಳೆ ನಿಮ್ಮ ಮಡಿಲಲ್ಲಿದೆ. ನಾಳೆ ಸೂಜಿ. ಇವತ್ತೇ ಸಹಿ ಬೇಕು.

ಹಾಳೆ ತೆಲುಗಿನಲ್ಲಿದೆ. ನೀವು ಪಾವಗಡದ ಕಡೆ ಕನ್ನಡ ಶಾಲೆಯಲ್ಲಿ ಕಲಿತು ಇಲ್ಲಿಗೆ ಸೊಸೆಯಾಗಿ ಬಂದವರು. ಅಕ್ಷರಗಳ ಮುಖ ಪರಿಚಯವಿದೆ, ಕೂಡಿಸಿ ಓದಬಲ್ಲಿರಿ. ಸಂತೆಯ ತೆಲುಗು, ಹೊಲದ ತೆಲುಗು ನಿಮಗೆ ಸಲೀಸು. ಇದು ಆಸ್ಪತ್ರೆಯ ತೆಲುಗು. ‘ಗರ್ಭಾಶಯ’ ಎಂಬ ಒಂದು ಪದ ಮಾತ್ರ ಕಣ್ಣಿಗೆ ಚುಚ್ಚುತ್ತದೆ.

“ಅದು ಹಾಕಿಸಿದ್ರೆ ಬಸ್ರು ನಿಲ್ಲಲ್ವಂತೆ ಕಣೆ,” ಕತ್ತಲಲ್ಲಿ ಚಾಪೆಯಿಂದ ಅತ್ತೆಯ ದನಿ.

ಹೊಟ್ಟೆಯೊಳಗೆ ಏನೋ ಹಿಂಡುತ್ತದೆ. ಗಂಡ ಹಾಳೆ ಮುಟ್ಟಿಲ್ಲ. “ಹೆಣ್ಮಕ್ಕಳ ವಿಷಯ, ನೀನೇ ನೋಡ್ಕೋ” ಅಂದು ಮಗ್ಗುಲಾಗಿದ್ದಾನೆ. ನಾಳೆ ಏನಾದರೂ ಆದರೆ ಊರಿನ ಬೆರಳೆಲ್ಲ ನಿಮ್ಮ ಕಡೆಗೇ.

ಈ ಭಯ ಗಾಳಿಯಲ್ಲಿ ಹುಟ್ಟಿದ್ದಲ್ಲ. 2009ರ ಜುಲೈನಲ್ಲಿ, ಆಗ ಆಂಧ್ರದಲ್ಲೇ ಇದ್ದ ಖಮ್ಮಂ ಜಿಲ್ಲೆಯಲ್ಲಿ, 10ರಿಂದ 14 ವರ್ಷದ ಸುಮಾರು 14,000 ಹುಡುಗಿಯರಿಗೆ ಪ್ರಾಯೋಗಿಕ ಯೋಜನೆಯಲ್ಲಿ ಗರ್ಭಕೋಶದ ಬಾಯಿಯ ಕ್ಯಾನ್ಸರ್ ತಡೆಯುವ ಈ ಲಸಿಕೆ ಹಾಕಿದರು. ಗುಜರಾತಿನ ವಡೋದರಾದಲ್ಲೂ ಹಾಕಿದರು. ಎರಡೂ ಕಡೆ ಸೇರಿ ಏಳು ಹುಡುಗಿಯರು ತೀರಿಕೊಂಡರು. 2010ರ ಏಪ್ರಿಲ್‌ನಲ್ಲಿ ಯೋಜನೆ ನಿಂತಿತು. ಹಾವು ಕಡಿದದ್ದು, ನೀರಲ್ಲಿ ಮುಳುಗಿದ್ದು, ಕೀಟನಾಶಕ, ಮಲೇರಿಯಾ: ಸಾವಿಗೆ ಲಸಿಕೆ ಕಾರಣವೆಂದು ತನಿಖಾ ಸಮಿತಿಗೆ ಕಾಣಲಿಲ್ಲ. ಆದರೆ ಹಾಸ್ಟೆಲಿನ ಎಷ್ಟೋ ಮಕ್ಕಳ ಪರವಾಗಿ ವಾರ್ಡನ್‌ಗಳೇ ಸಹಿ ಹಾಕಿದ್ದರು. ಹೆತ್ತವರನ್ನು ಕೇಳಿರಲಿಲ್ಲ. ಆ ತಪ್ಪನ್ನು ನಾನು ಸಣ್ಣದೆನ್ನಲಾರೆ. ಇವತ್ತಿಗೂ ಅದರ ಬೆಲೆ ತೆರುತ್ತಿರುವವರು ನಿಮ್ಮಂಥ ತಾಯಂದಿರು.

ಹಾಳೆ ಮಡಚುತ್ತೀರಿ. ಆಗ ಮೂಗಿಗೆ ಬಡಿಯುತ್ತದೆ ಆ ವಾಸನೆ.

ಕಲ್ಯಾಣದುರ್ಗದ ಕಡೆ ಕೊಟ್ಟಿದ್ದ ಅಕ್ಕ. ಮುಟ್ಟು ನಿಂತ ಮೇಲೂ ರಕ್ತ, ಕೆಟ್ಟ ವಾಸನೆಯ ಬಿಳಿಸೆರಗು. ಒಂದು ವರ್ಷ ಯಾರಿಗೂ ಹೇಳದೆ ಬಟ್ಟೆ ಒಗೆದುಕೊಂಡಿದ್ದಳು. ಹಿಂದೂಪುರದಿಂದ ಬೆಂಗಳೂರಿನ ರೈಲಿನಲ್ಲಿ ಅವಳ ಕೆಳಗೆ ಪ್ಲಾಸ್ಟಿಕ್ ಹಾಸಿದವರು ನೀವೇ. ಗೌರಿಬಿದನೂರು ದಾಟುವಷ್ಟರಲ್ಲಿ ಎದುರಿನ ಸೀಟಿನವರು ಎದ್ದು ಹೋದರು. ಅವಳು ತಲೆ ಎತ್ತಲಿಲ್ಲ. ಕಿದ್ವಾಯಿ ಆಸ್ಪತ್ರೆಯಲ್ಲಿ ಕರೆಂಟ್ (ವಿಕಿರಣ) ಕೊಟ್ಟರು. ತಡವಾಗಿತ್ತು. 2022ರಲ್ಲಿ ಗರ್ಭಕೋಶದ ಬಾಯಿಯ ಕ್ಯಾನ್ಸರಿಗೆ ದೇಶದಲ್ಲಿ ಸತ್ತ ಸುಮಾರು 80,000 ಹೆಂಗಸರಲ್ಲಿ ನಿಮ್ಮಕ್ಕನೂ ಒಬ್ಬಳು.

ಬೆಳಿಗ್ಗೆ ಶಾಲೆಗೆ ನೀವೂ ಹೋಗುತ್ತೀರಿ, ಹಾಳೆ ಖಾಲಿ. ಸ್ಪಿರಿಟ್ ವಾಸನೆ, ಬೆಂಚಿನ ಮೇಲೆ ಐಸ್ ಡಬ್ಬಿ. ನರ್ಸಮ್ಮನನ್ನು ಕೇಳಿಬಿಡುತ್ತೀರಿ: ಮಕ್ಕಳಾಗುತ್ತವಾ?

ಆಕೆ ಕೈಕೆಲಸ ಬಿಟ್ಟು ನಿಮ್ಮ ಪಕ್ಕ ಕೂರುತ್ತಾಳೆ. ಆಗುತ್ತವೆ, ಬಸಿರಿಗೂ ಇದಕ್ಕೂ ಸಂಬಂಧವಿಲ್ಲ. ಆ ಕ್ಯಾನ್ಸರಿಗೆ ಕಾರಣವಾದ ವೈರಾಣು ಗಂಡು ಹೆಣ್ಣು ಕೂಡುವುದರಿಂದ ಬರುತ್ತದೆ, ಕ್ಯಾನ್ಸರ್ ಆಗಲು ಹದಿನೈದು ಇಪ್ಪತ್ತು ವರ್ಷ ಬೇಕು. ಅದು ಒಳಗೆ ಬರುವ ಮೊದಲೇ ಬಾಗಿಲು ಹಾಕಬೇಕು, ಅದಕ್ಕೇ ಈ ವಯಸ್ಸು. ಒಂದು ಡೋಸ್ ಕೂಡ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲೇ ಹೇಳಿದೆ. ಮೂವತ್ತು ದಾಟಿದ ಮೇಲೆ ತಪಾಸಣೆ ಮಾತ್ರ ಬಿಡಬಾರದು. “ನೀವೂ ಮಾಡಿಸ್ಕೊಳ್ಳಿ,” ಅನ್ನುತ್ತಾಳೆ.

ಪೆನ್ನು ಜಾರುತ್ತದೆ, ಅಂಗೈ ಬೆವರಿದೆ. ತೆಲುಗು ಹಾಳೆಯ ಕೆಳಗೆ ನಿಮ್ಮ ಹೆಸರನ್ನು ಕನ್ನಡದಲ್ಲಿ ಬರೆಯುತ್ತೀರಿ.

ಸೂಜಿ ಇಳಿಯುತ್ತದೆ. ಮಗಳ ತುಟಿ ಬಿಳಿಚುತ್ತದೆ. ಕಣ್ಣು ತೇಲುತ್ತದೆ. ವಾಲುತ್ತಾಳೆ. ನಿಮ್ಮ ಎದೆ ನಿಂತೇ ಹೋಗುತ್ತದೆ. ಅತ್ತೆ, ಊರು, ಖಮ್ಮಂ, ಎಲ್ಲವೂ ಒಟ್ಟಿಗೆ ನುಗ್ಗುತ್ತವೆ. ನರ್ಸಮ್ಮ ಅವಳನ್ನು ಮಲಗಿಸಿ ಕಾಲು ಎತ್ತಿ ಹಿಡಿಯುತ್ತಾಳೆ. “ಹೆದರಿಕೆಗೆ ಹೀಗಾಗುತ್ತೆ, ಈ ವಯಸ್ಸಿನವರಿಗೆ ಜಾಸ್ತಿ. ಅದಕ್ಕೇ ಕಾಲು ಗಂಟೆ ಇಲ್ಲೇ ಇರಿ ಅನ್ನೋದು.”

ಮಗಳ ಬೆರಳು ತಣ್ಣಗಿದೆ. ಉಜ್ಜುತ್ತೀರಿ. ನಿಧಾನವಾಗಿ ತುಟಿಗೆ ಬಣ್ಣ ಬರುತ್ತದೆ.

“ಅಮ್ಮಾ, ಆಡೋಕೆ ಹೋಗ್ಲಾ?”

ಗೋಡೆಯ ಗಡಿಯಾರ ನೋಡುತ್ತೀರಿ. “ಇನ್ನೂ ನಾಲ್ಕು ನಿಮಿಷ ಇದೆ. ಕೂತಿರು.”