ಮಡಗಾರ್ಡ್ ಇಲ್ಲದ ಸೈಕಲ್ಲು

ನಮ್ಮ ಆಫೀಸಿನ ಗೆಳೆಯನೊಬ್ಬ ಹೋದ ವರ್ಷ ಸ್ಪೇನಿಗೆ ಹೋಗಿ ಸೈಕಲ್ ಹೊಡೆದು ಬಂದ. ಅಲ್ಲಿ ರೈಲು ನಿಂತುಹೋದ ಹಳೇ ಹಳಿಗಳ ಜಾಗದಲ್ಲಿ, 1993ರಿಂದೀಚೆಗೆ, ಸೈಕಲ್ಲಿನವರಿಗೆ ಮತ್ತು ನಡೆಯುವವರಿಗೆ ಅಂತಲೇ ದಾರಿ ಮಾಡುತ್ತಾ ಬಂದಿದ್ದಾರೆ. ‘ವಿಯಾ ವೆರ್ದೆ’ ಅಂತಾರೆ, ಅಂದರೆ ಹಸಿರು ದಾರಿ. ಎಲ್ಲ ಸೇರಿದರೆ 3,000 ಕಿ.ಮೀ. ದಾಟುತ್ತದೆ. ಊಟದ ಹೊತ್ತಿಗೆ ಮೊಬೈಲಿನಲ್ಲಿ ಫೋಟೋ ತೋರಿಸಿದ. ಆಲಿವ್ ತೋಟ, ಹಳೇ ಸುರಂಗ, ಬೀಗ ಹಾಕಿದ ಮನೆಗಳ ಸಣ್ಣ ಊರು. “ನಾಲ್ಕು ತಾಸಿನಲ್ಲಿ ಒಂದು ಕಾರೂ ಸಿಗಲಿಲ್ಲ ಗುರೂ” ಅಂದ.

ಬೆಳ್ಳಂದೂರಿನ ಟ್ರಾಫಿಕ್ಕಿನಲ್ಲಿ ದಿನಾ ಒಂದು ತಾಸು ಕಳೆಯುವ ನನಗೆ ಹೊಟ್ಟೆ ಉರಿಯಿತು. ಆಮೇಲೆ ನೆನಪಾಯಿತು, ಇಂಥ ರಸ್ತೆ ನಮ್ಮ ಕಡೆಯೂ ಇದೆಯಲ್ಲ! ಬೈಲಹೊಂಗಲ, ಸವದತ್ತಿ, ರಾಮದುರ್ಗಕ್ಕೆ ನಿಂತುಹೋಗಲಿಕ್ಕೆ ರೈಲೇ ಬಂದಿಲ್ಲ, ಆ ಮಾತು ಬೇರೆ. ಸಂಕ್ರಮಣದ ಮರುವಾರ ನಾಲ್ಕು ದಿನ ರಜೆ ಹಾಕಿ, ಸೈಕಲ್ಲಿನ ಗಾಲಿ ಬಿಚ್ಚಿ ರಾತ್ರಿ ಬಸ್ಸಿನ ಡಿಕ್ಕಿಗೆ ತುರುಕಿ, ನಸುಕಿನಲ್ಲಿ ಕಿತ್ತೂರಿನ ಹೈವೇ ಮೇಲೆ ಇಳಿದೆ. ಕಿತ್ತೂರಿನಿಂದ ರಾಮದುರ್ಗದವರೆಗೆ ನೂರು ಕಿ.ಮೀ.ಗಿಂತ ಸ್ವಲ್ಪ ಹೆಚ್ಚು. ಬೈಕಿನಲ್ಲಾದರೆ ಅರ್ಧ ದಿನದ ದಾರಿ, ನಾನು ಎರಡು ದಿನ ಇಟ್ಟುಕೊಂಡಿದ್ದೆ.

ಕೋಟೆಯ ಹೊರಗೆ ಚಾ ಅಂಗಡಿಯಲ್ಲಿ ಮೊದಲ ಪರೀಕ್ಷೆ ಶುರುವಾಯಿತು. ರುಮಾಲಿನ ಅಜ್ಜಾರೊಬ್ಬರು ನನ್ನ ಸೈಕಲ್ಲನ್ನು ಸುತ್ತು ಹಾಕಿ ನೋಡಿ, “ಎಷ್ಟ್ ಕೊಟ್ಟಿ ತಮ್ಮಾ ಇದಕ್ಕ?” ಅಂದರು. ನಿಜವಾದ ರೇಟು ಹೇಳಲು ಧೈರ್ಯವಾಗಲಿಲ್ಲ. ಅರ್ಧ ಹೇಳಿದೆ.

“ಅಷ್ಟ್ ರೊಕ್ಕಾ ಕೊಟ್ಟೂ ಮಡಗಾಡ ಹಾಕಿಲ್ಲಾ? ಸ್ಟ್ಯಾಂಡೂ ಇಲ್ಲ, ಗಂಟೀನೂ ಇಲ್ಲ. ಮೋಸ ಮಾಡ್ಯಾರ ನಿನಗ.”

ಕಿತ್ತೂರಿನಿಂದ ಬೈಲಹೊಂಗಲಕ್ಕೆ ಹೋಗುವುದೆಂದರೆ ಒಂಥರಾ ರಾಣಿ ಚೆನ್ನಮ್ಮನ ದಾರಿಯಲ್ಲೇ ಹೋದಂತೆ. 1824ರ ಅಕ್ಟೋಬರಿನಲ್ಲಿ ಥ್ಯಾಕರೆ ಸತ್ತದ್ದು ಇದೇ ಕಿತ್ತೂರಿನಲ್ಲಿ. ಆಮೇಲೆ ಸೆರೆಸಿಕ್ಕ ರಾಣಿ 1829ರ ಫೆಬ್ರುವರಿಯಲ್ಲಿ ತೀರಿಕೊಂಡದ್ದು ಬೈಲಹೊಂಗಲದಲ್ಲಿ. ಸಮಾಧಿಯೂ ಅಲ್ಲೇ. ಸ್ವಲ್ಪ ಸುತ್ತಾದರೂ ಸಂಗೊಳ್ಳಿಯ ಮೇಲೆ ಹಾದೆ. ರಾಯಣ್ಣನ ಊರು. ಶಾಲೆಯಲ್ಲಿ ಓದುವಾಗ ಇವೆಲ್ಲ ಬೇರೆ ಬೇರೆ ಪಾಠ. ಸೈಕಲ್ ಮೇಲೆ ಹೋದಾಗ ಒಂದೇ ಸೀಮೆ, ಒಂದೇ ಬೆಳಗಿನಲ್ಲಿ ಮುಗಿಯುವಷ್ಟು ಹತ್ತಿರ.

ಬೈಕಿನಲ್ಲಿ ಹೋದರೆ ಗೊತ್ತಾಗದ ಇನ್ನೊಂದು ವಿಷಯವಿದೆ. ಕಿತ್ತೂರಿನ ಸುತ್ತ ಮಲೆನಾಡಿನ ಸೆರಗು, ಭತ್ತದ ಗದ್ದೆ, ಕೆಂಪು ಮಣ್ಣು. ಮಲಪ್ರಭೆ ದಾಟಿ ಬೈಲಹೊಂಗಲದ ಕಡೆ ಬರುತ್ತಾ ಬರುತ್ತಾ ಮಣ್ಣು ಕಪ್ಪಾಗುತ್ತದೆ. ಎರಿ ಹೊಲ. ಹಿಂಗಾರಿ ಜೋಳ, ಕಡಲೆ, ಕುಸುಬೆ, ಅಲ್ಲಲ್ಲಿ ಹತ್ತಿ ಬಿಡಿಸುವ ಹೆಣ್ಣುಮಕ್ಕಳು. ಸಪ್ಪಳ ಅಂದರೆ ಚೈನಿನದ್ದು, ಗುಬ್ಬಿಯದ್ದು, ಜೋಳದ ಹೊಲದಲ್ಲಿ ಹಕ್ಕಿ ಓಡಿಸುವ ಹುಡುಗನ ಕೂಗು. ತಾಸಿಗೊಮ್ಮೆ ಕಬ್ಬಿನ ಟ್ರ್ಯಾಕ್ಟರು ಎರಡು ಟ್ರೇಲರ್ ಎಳಕೊಂಡು, ಹಾಡು ಹಚ್ಚಿಕೊಂಡು ಬರುತ್ತದೆ. ಅದಕ್ಕೆ ಮಾತ್ರ ರಸ್ತೆ ಬಿಟ್ಟು ಕೆಳಗಿಳಿಯಬೇಕು. ಹೊಲದವರು ಕರೆದು ಸುಲಗಾಯಿ ಕೊಟ್ಟರು. ಕಿಸೆ ತುಂಬ ತುಂಬಿಕೊಂಡು ತಿನ್ನುತ್ತಾ ಹೋದೆ. ಬೈಲಹೊಂಗಲದಿಂದ ನಮ್ಮ ಊರು ಹದಿನಾಲ್ಕು ಕಿ.ಮೀ. ಸುಮ್ಮನೆ ಗಾಡಿ ಎಣಿಸಿದೆ. ಎಂಟೇ ಎಂಟು.

ಸಂಜೆ ಕಟ್ಟೆಯ ಮೇಲೆ ಕೂತಾಗ ಅದನ್ನೇ ಅಪ್ಪನಿಗೆ ಹೆಮ್ಮೆಯಿಂದ ಹೇಳಿದೆ. “ಎಷ್ಟ್ ಶಾಂತ ಐತಿಪಾ ನಮ್ಮ ರಸ್ತೆ. ಎಂಟ ಗಾಡಿ ಎಣಿಸಿದ್ನಿ.”

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ನಾನೂ ಒಮ್ಮಿ ಎಣಿಸಾಕ ನಿಂತಿದ್ನಿ. ಒಂದೂ ಬರ್ಲಿಲ್ಲ” ಅಂದ.

ನನಗೂ ತಂಗಿಗೂ ನಡುವೆ ಒಬ್ಬ ಹುಟ್ಟಿ ಹೋಗಿದ್ದ ಅಂತ ಅಜ್ಜಿಯ ಬಾಯಲ್ಲಿ ಕೇಳಿದ್ದೆ. ಆ ರಾತ್ರಿ ಏನಾಯಿತು ಅಂತ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಶ್ರಾವಣದ ಮಳೆ. ಅವ್ವನಿಗೆ ದಿನ ತುಂಬುವ ಮೊದಲೇ ಬ್ಯಾನಿ ಶುರುವಾಗಿ, ಸೂಲಗಿತ್ತಿ ‘ನನ್ನ ಕೈಲಿ ಆಗೂದಿಲ್ಲ, ದವಾಖಾನಿಗೆ ಒಯ್ಯಿರಿ’ ಅಂದಳಂತೆ. ಊರಲ್ಲಿ ಫೋನಿಲ್ಲ, ಗಾಡಿಯಿಲ್ಲ. ಬೈಲಹೊಂಗಲದಿಂದ ಜೀಪು ತರಬೇಕು. ಅಪ್ಪ ರಾತ್ರಿ ಹತ್ತಕ್ಕೆ ಸೈಕಲ್ ತಗೊಂಡು ಹೊರಟ.

ಆಗ ಊರಿನಿಂದ ಡಾಂಬರು ರಸ್ತೆಯವರೆಗೆ ನಾಲ್ಕು ಕಿ.ಮೀ. ಎರಿ ಮಣ್ಣಿನ ಹಾದಿ. ಎರಿ ಮಣ್ಣು ಮಳೆಯಲ್ಲಿ ಏನು ಮಾಡುತ್ತದೆ ಅಂತ ಅದನ್ನು ತುಳಿದವರಿಗೇ ಗೊತ್ತು. ಗಾಲಿಗೆ ಮೆತ್ತಿದ ಮಣ್ಣು ಮಡಗಾರ್ಡಿನೊಳಗೆ ಹೋಗಿ ಗಿಡಿಯುತ್ತದೆ. ನಾಲ್ಕು ಮಾರು ಹೋಗುವುದರೊಳಗೆ ಗಾಲಿ ತಿರುಗುವುದಿಲ್ಲ. ಕಡ್ಡಿ ತಗೊಂಡು ಕೆದರಬೇಕು, ಮತ್ತೆ ನಾಲ್ಕು ಮಾರು, ಮತ್ತೆ ಕೆದರಬೇಕು. ಕೊನೆಗೆ ಅಪ್ಪ ಸೈಕಲ್ಲನ್ನೇ ಹೆಗಲ ಮೇಲೆ ಹೊತ್ತ. ಡಾಂಬರು ಮುಟ್ಟಿದಾಗ ಕಾಲಲ್ಲಿ ಕಸುವಿರಲಿಲ್ಲ, ಯಾವುದಾದರೂ ಲಾರಿ ಬಂದೀತು ಅಂತ ನಿಂತ. ಬರಲಿಲ್ಲ. ಗಿಡಿದ ಮಣ್ಣು ಕೆದರಿ ಮತ್ತೆ ತುಳಿದ. ಜೀಪು ತಂದು ಡಾಂಬರಿನ ಮೇಲೆ ನಿಲ್ಲಿಸಿ, ಅವ್ವನನ್ನು ಹೊರಸಿನ ಮೇಲೆ ನಾಲ್ಕು ಮಂದಿ ಹೊತ್ತು ತರುವಷ್ಟರಲ್ಲಿ ಬೆಳಕು ಹರಿದಿತ್ತು. ಅವ್ವ ಉಳಿದಳು.

“ಶಾಂತ ಅಂತೀ ನೀ. ಅವತ್ತ ಬರೇ ಬಿಕೋ ಅಂತಿತ್ತು” ಅಂದ ಅಪ್ಪ. ಒಳಗಿನಿಂದ ಅವ್ವ, “ಊಟಕ್ಕ ಬರ್ರಿ ಇಬ್ರೂ” ಅಂದಳು. ಮಾತು ಅಲ್ಲಿಗೇ ನಿಂತಿತು.

ಬೆಳಗ್ಗೆ ನಾನು ಬ್ಯಾಗು ಕಟ್ಟುವಾಗ ಅಪ್ಪ ಸೈಕಲ್ಲಿನ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದ. ಗಾಲಿಗೂ ಚೌಕಟ್ಟಿಗೂ ನಡುವೆ ಎರಡು ಬೆರಳು ತೂರಿಸಿ ನೋಡಿದ. “ಮಡಗಾಡ ಇಲ್ಲದ್ದು ಛಲೋನ ಆತು” ಅಂದ. ಸ್ವಲ್ಪ ಹೊತ್ತು ಬಿಟ್ಟು, “ಅವತ್ತ ನಾನೂ ಕಿತ್ತ ಒಗೀಬೇಕಿತ್ತು. ತಲೀಗೆ ಹೊಳೀಲಿಲ್ಲ. ಪಾನಾ ಮನ್ಯಾಗ ಇತ್ತು.”

ಮೂವತ್ತು ವರ್ಷಕ್ಕೂ ಮೇಲಾಯಿತು. ಪಾನಾ ಮನೆಯಲ್ಲಿತ್ತು ಅನ್ನುವುದನ್ನು ಅಪ್ಪ ಇನ್ನೂ ಮರೆತಿಲ್ಲ.

ನಮ್ಮ ಹಾದಿಗೆ ಡಾಂಬರು ಬಿದ್ದು ಈಗ ಇಪ್ಪತ್ತು ವರ್ಷ. 2006–07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನವರಿಗೆ ಸೈಕಲ್ ಕೊಡಲು ಶುರು ಮಾಡಿತಲ್ಲ, ಮುಂದಿನ ವರ್ಷ ತಂಗಿಗೂ ಒಂದು ಬಂತು. ಹೈಸ್ಕೂಲು ಆರು ಕಿ.ಮೀ. “ಒಬ್ಬಾಕೇ ಹೋಗಬ್ಯಾಡ” ಅಂತ ಅವ್ವ ದಿನಾ ಹೇಳುವಳು. ನಾಲ್ಕು ಹುಡುಗಿಯರು ಕೂಡಿಯೇ ಹೋಗಿ ಕೂಡಿಯೇ ಬರುತ್ತಿದ್ದರು. ಖಾಲಿ ರಸ್ತೆ ಅಂದರೆ ಅವರಿಗೆ ಖುಷಿಯ ವಿಷಯ ಆಗಿರಲಿಲ್ಲ.

ಎರಡನೇ ದಿನ ಮೂಡಗಾಳಿಗೆ ಎದುರಾಗಿ ತುಳಿಯುತ್ತಾ ಸವದತ್ತಿ ಮುಟ್ಟಿದೆ. ಹುಣ್ಣಿಮೆ ಆಚೀಚೆ ಈ ರಸ್ತೆಗೆ ಸೈಕಲ್ ತರಬೇಡಿ, ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಜನ, ಚಕ್ಕಡಿ, ಟ್ರ್ಯಾಕ್ಟರು ಹರಿದು ಬರುತ್ತವೆ. ನಾನು ಹೋದಾಗ ಒಂದೇ ಚಕ್ಕಡಿ ಸಿಕ್ಕಿತು. ಏರಿನಲ್ಲಿ ಎತ್ತಿನದೂ ನನ್ನದೂ ಒಂದೇ ವೇಗ. ಒಳಗಿದ್ದ ಆಯಿ “ಉಧೋ ಅನ್ನಪಾ, ಏರು ಹತ್ತತೈತಿ” ಅಂದಳು. ಅಂದೆ, ಹತ್ತಿತು.

ಗುಡ್ಡ ಇಳಿದರೆ ನವಿಲುತೀರ್ಥ. ಮಲಪ್ರಭೆ ಕಲ್ಲಿನ ಗುಡ್ಡವನ್ನು ಸೀಳಿ ಹೊರಬರುವ ಇಕ್ಕಟ್ಟಿಗೇ ಅಣೆಕಟ್ಟು ಕಟ್ಟಿದ್ದಾರೆ. ಹಿಂದೆ ರೇಣುಕಾಸಾಗರ, ಮುಂದೆ ಸಣ್ಣ ಹೊಳೆ. 2019ರ ಆಗಸ್ಟಿನಲ್ಲಿ ಇದೇ ಹೊಳೆ ಉಕ್ಕಿ ರಾಮದುರ್ಗ ತಾಲೂಕಿನ ಊರುಗಳಿಗೆ ನುಗ್ಗಿತ್ತು ಅಂದರೆ ಅವತ್ತು ನಂಬಿಕೆ ಬರುತ್ತಿರಲಿಲ್ಲ. ಮುನವಳ್ಳಿ ದಾಟಿದ ಮೇಲೆ ಇಡೀ ದಾರಿಯ ಅತ್ಯಂತ ಸುಂದರ ತುಣುಕು. ಎಡಕ್ಕೂ ಬಲಕ್ಕೂ ಬಯಲು, ದೂರದಲ್ಲಿ ಮಟ್ಟಸ ಗುಡ್ಡಗಳ ಸಾಲು. ಅರ್ಧ ತಾಸಾದರೂ ಹಿಂದಿನಿಂದ ಒಂದು ಗಾಡಿ ಬರಲಿಲ್ಲ. ಗೆಳೆಯನಿಗೆ ಕಳಿಸಲು ವಿಡಿಯೋ ಮಾಡೋಣ ಅಂತ ನಿಂತೆ.

ಮುಂದೆ ಬೇವಿನ ಗಿಡದ ಕೆಳಗೆ ಶಾಲೆಯ ಯೂನಿಫಾರ್ಮಿನ ಮೂರು ಹುಡುಗಿಯರು ನಿಂತಿದ್ದರು. ಒಬ್ಬಳು ಓಡಿ ಬಂದು ಕೇಳಿದಳು.

“ಅಣ್ಣಾರ, ಹಿಂದ ಬಸ್ ಬರಾಕತ್ತೇತೇನ್ರಿ?”

“ಇಲ್ಲವಾ, ಕಾಣಲಿಲ್ಲ.”

“ಟೆಂಪೋ?”

“ಅದೂ ಇಲ್ಲ.”

ಅವಳ ಮುಖ ಸಣ್ಣದಾಯಿತು. ಸೈಕಲ್ ಕೊಟ್ಟಿಲ್ವಾ ಅಂತ ಕೇಳಿದೆ. ಕೋವಿಡ್ ಬಂದಾಗ ಆ ಯೋಜನೆ ನಿಂತಿತ್ತು ಅನ್ನುವುದು ಕೇಳಿದ ಮೇಲೆ ನೆನಪಾಯಿತು. ಅಕ್ಕನಿಗೆ ಬಂದಿತ್ತಂತೆ, ತನಗಿಲ್ಲ. ಅರ್ಧ ತಾಸಿನಿಂದ ನಾನು ಯಾವುದು ಬರದಿರಲಿ ಅಂತಿದ್ದೆನೋ ಅದನ್ನೇ ಅವರು ಕಾಯುತ್ತಾ ನಿಂತಿದ್ದರು. ವಿಡಿಯೋ ಮಾಡಲಿಲ್ಲ.

ಸ್ಪೇನಿನಲ್ಲೂ ಕಳೆದ ಶತಮಾನದ ನಡುವಿನಿಂದ ಹಳ್ಳಿಯ ಜನ ಮ್ಯಾಡ್ರಿಡ್ಡು, ಬಾರ್ಸಿಲೋನಾ ಅಂತ ಹೋಗಿಬಿಟ್ಟರು. ಒಳನಾಡಿಗೆ ‘ಖಾಲಿ ಸ್ಪೇನ್’ ಅಂತಲೇ ಹೆಸರು ಬಿದ್ದಿದೆ. ಗೆಳೆಯನ ಫೋಟೋದಲ್ಲಿದ್ದ ಬೀಗ ಹಾಕಿದ ಮನೆಗಳು ಆಗ ಅರ್ಥವಾದವು. ಬಿಇ ಮುಗಿಸಿ ಬೆಂಗಳೂರಿಗೆ ಓಡಿದ ನಾನು, ಊರು ಖಾಲಿಯಾಗಿದ್ದಕ್ಕೆ ಖುಷಿಪಡಲು ರಜೆ ಹಾಕಿ ಬಂದಿದ್ದೆ.

ಅಷ್ಟಾದರೂ ಈ ದಾರಿ ಹೊಡೆಯಬೇಡಿ ಅಂತ ಹೇಳಲಾರೆ. ಹೊಡೆಯಿರಿ. ಜನವರಿಯಲ್ಲಿ ಹೋಗಿ, ನಸುಕಿನಲ್ಲಿ ಹೊರಡಿ, ನೀರು ಜಾಸ್ತಿ ಇಟ್ಟುಕೊಳ್ಳಿ. ಬಸ್ಸು ಕಾಯುವವರು ಸಿಕ್ಕರೆ ಹಿಂದೆ ಏನು ಕಂಡಿತು, ಏನು ಕಾಣಲಿಲ್ಲ ಅಂತ ನಿಂತು ಹೇಳಿ ಹೋಗಿ.

ರಾಮದುರ್ಗ ಮೊದಲು ಕಿವಿಗೆ ಬಂತು, ಓಣಿಯೊಳಗಿಂದ ಮಗ್ಗದ ಖಟಖಟ. ಚಾ ಅಂಗಡಿಯ ಮುಂದೆ ಸೈಕಲ್ ಒರಗಿಸುವಾಗ ಅಪ್ಪನ ಫೋನು.

“ಮುಟ್ಟಿದೀ?”

“ಈಗ ಮುಟ್ಟಿದ್ನೆಪಾ.”

“ದಾರ್ಯಾಗ ಗಾಡಿಗೀಡಿ ಇದ್ದೂ ಇಲ್ಲೋ?”

“ಇದ್ದೂ ಅಪ್ಪಾ. ಬೇಕಾದಷ್ಟ್ ಇದ್ದೂ” ಅಂದೆ.