ಹೆಸರು ಹೇಳಬಾರದ ರೋಗ

ನಮ್ಮ ಕಡೆಯ ಮನೆಗಳಲ್ಲಿ ಕೆಲವು ಸಂಗತಿಗಳನ್ನು ಬಾಯಿಬಿಟ್ಟು ಹೇಳುವ ರೂಢಿಯಿಲ್ಲ. ರಾತ್ರಿಯ ಹೊತ್ತು ಹಾವನ್ನು ‘ಹುಳ’ ಎನ್ನುತ್ತೇವೆ. ಸಿಡುಬನ್ನು ‘ಅಮ್ಮ’ ಎಂದೆವು. ಅರ್ಬುದ ರೋಗಕ್ಕಂತೂ ಹೆಸರೇ ಇಲ್ಲ. ‘ಆ ಕಾಯಿಲೆ’ ಎಂದಷ್ಟೇ ಹೇಳಿ ದನಿ ತಗ್ಗಿಸುತ್ತೇವೆ. ಹೆಸರು ಹೇಳದಿದ್ದರೆ ರೋಗವು ಹೊಸ್ತಿಲು ದಾಟಿ ಬಾರದೆಂಬ ನಂಬಿಕೆಯೋ ಏನೋ!

ನನ್ನ ದೊಡ್ಡಮ್ಮನವರ ಎದೆಯಲ್ಲಿ ಗಂಟೊಂದು ಕಾಣಿಸಿಕೊಂಡು ಎಂಟು ತಿಂಗಳು ಕಳೆದಿದ್ದರೂ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. “ನೋವೇ ಇರಲಿಲ್ಲವಲ್ಲಪ್ಪ, ಯಾತಕ್ಕೆ ಹೇಳಲಿ?” ಎಂಬುದು ಅವರ ಸಮಾಧಾನ. ಮೊದಮೊದಲು ನೋಯದಿರುವುದೇ ಈ ರೋಗದ ಕಪಟವೆಂದು ವೈದ್ಯರು ಆಮೇಲೆ ತಿಳಿಸಿದರು. ಕೋಲಾರ ಸೀಮೆಯವರಾದ ನಮಗೆ ಚೆನ್ನೈ ಬಹಳ ದೂರವಲ್ಲ. ಅಲ್ಲಿ ಬಂಧುಗಳೂ ಇದ್ದರು. ಅಡ್ಯಾರಿನ ಕ್ಯಾನ್ಸರ್ ಸಂಸ್ಥೆಗೆ ಅವರನ್ನು ಕರೆದೊಯ್ದೆವು. ಕಾಲೇಜಿಗೆ ರಜೆಯಿದ್ದುದರಿಂದ ಜೊತೆಗಿರುವ ಕೆಲಸ ನನ್ನ ಪಾಲಿಗೆ ಬಂತು. ಕಾಯುವ ಆ ದಿನಗಳಲ್ಲಿ ಸಂಸ್ಥೆಯ ಕಥೆಯನ್ನು ಕೇಳಿಯೂ ಓದಿಯೂ ತಿಳಿದುಕೊಂಡೆ.

ಅದರ ಮೂಲದಲ್ಲಿರುವುದು ಒಬ್ಬ ಅಕ್ಕನ ದುಃಖ. ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು 1912ರಲ್ಲಿ ಮದರಾಸು ವೈದ್ಯಕೀಯ ಕಾಲೇಜಿನಿಂದ ಹೊರಬಂದ ವೈದ್ಯೆ. 1927ರಲ್ಲಿ ಮದರಾಸಿನ ಶಾಸನ ಪರಿಷತ್ತಿಗೆ ಹೋಗಿ ದೇವದಾಸಿ ಪದ್ಧತಿಯ ವಿರುದ್ಧ ಹೋರಾಡಿದವರು. 1923ರಲ್ಲಿ ಅವರ ತಂಗಿ ಅರ್ಬುದದಿಂದ ತೀರಿಕೊಂಡರು. ಆ ದುಃಖವನ್ನು ಅವರು ಕಣ್ಣೀರಿನಲ್ಲಿಯೇ ಮುಗಿಸಲಿಲ್ಲ. ಹೇಗೂ ಸಾಯುವವರಿಗೆ ಆಸ್ಪತ್ರೆ ಏತಕ್ಕೆ ಎಂದು ತಿಳಿದವರಿದ್ದ ಕಾಲದಲ್ಲಿ ಮನೆಮನೆಯಿಂದ ಹಣ ಕೂಡಿಸಿದರು. 1952ರಲ್ಲಿ ನೆಹರೂರವರು ಅಸ್ತಿಭಾರ ಹಾಕಿದರು. 1954ರ ಜೂನ್ 18ರಂದು ಕೇವಲ 12 ಹಾಸಿಗೆಗಳೊಡನೆ ಆಸ್ಪತ್ರೆ ಬಾಗಿಲು ತೆರೆಯಿತು.

ಮುತ್ತುಲಕ್ಷ್ಮಿಯವರ ಮಗ ಡಾ. ಕೃಷ್ಣಮೂರ್ತಿಯವರೂ, 1955ರಲ್ಲಿ ಬಂದು ಸೇರಿದ ಡಾ. ವಿ. ಶಾಂತಾರವರೂ ಅದನ್ನು ಬೆಳೆಸಿದರು. 1957ರಲ್ಲಿ ಕೋಬಾಲ್ಟ್ ಯಂತ್ರ ಬಂತು. ಕೋಬಾಲ್ಟ್-60ರಿಂದ ಹೊರಡುವ ಗಾಮಾ ಕಿರಣಗಳು ದೇಹದೊಳಕ್ಕೆ ಇಳಿದು, ಲಂಗುಲಗಾಮಿಲ್ಲದೆ ಇಬ್ಭಾಗವಾಗುತ್ತ ಬೆಳೆಯುವ ಜೀವಕೋಶಗಳನ್ನು ಕೆಡಿಸುತ್ತವೆ. ರೋಗವಿಲ್ಲದ ಕೋಶಗಳಿಗೂ ಪೆಟ್ಟು ತಗಲುವುದಾದರೂ ಅವು ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತವೆ. ಚಿಕಿತ್ಸೆಯೊಂದೇ ಅಲ್ಲ, ಸಂಶೋಧನೆ, ರೋಗಿಗಳ ಲೆಕ್ಕ, ಹಳ್ಳಿಗಳಲ್ಲಿ ತಪಾಸಣೆ, ತಂಬಾಕಿನ ವಿರುದ್ಧ ಪ್ರಚಾರ ಎಲ್ಲವೂ ಅಲ್ಲಿಂದ ನಡೆದುವು. ಬಡವರಿಗೆ ಹಣವಿಲ್ಲವೆಂದು ಬಾಗಿಲು ಮುಚ್ಚಬಾರದೆಂಬುದು ಅಲ್ಲಿಯ ನೇಮ. 2005ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂದ ಮೇಲೂ ಶಾಂತಾರವರು ಆಸ್ಪತ್ರೆಯ ಆವರಣದಲ್ಲಿಯೇ ಸರಳವಾಗಿ ಬಾಳಿದರು. 2021ರ ಜನವರಿ 19ರಂದು ತೀರಿಕೊಂಡರು.

ಶಸ್ತ್ರಚಿಕಿತ್ಸೆಯಾದ ಕೆಲವು ದಿನಗಳ ಮೇಲೆ ಈ ಕಥೆಯನ್ನೆಲ್ಲ ದೊಡ್ಡಮ್ಮನವರಿಗೆ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. ಬಳಿಕ, “ಒಬ್ಬ ತಂಗಿ ಹೋದದ್ದಕ್ಕೆ ಇಷ್ಟು ಜನ ಉಳಿದರು ನೋಡು,” ಎಂದರು.

ಈಗ ಅವರು ಆರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗಿಬರುತ್ತಾರೆ. ಮುಂದೆ ಏನೆಂಬುದನ್ನು ವೈದ್ಯರೂ ಆಣೆಯಿಟ್ಟು ಹೇಳಲಾರರು. ಆದರೆ ನಲ್ಲಿಯ ಬಳಿ ಬರುವ ಹೆಂಗಸರಿಗೆಲ್ಲ ಅವರು ದನಿ ತಗ್ಗಿಸದೆ, “ನನಗೆ ಕ್ಯಾನ್ಸರ್ ಆಗಿತ್ತು ಕಣಮ್ಮ. ಗಂಟು ಕಂಡರೆ ನನ್ನ ಹಾಗೆ ಮುಚ್ಚಿಡಬೇಡಿ,” ಎನ್ನುತ್ತಾರೆ. ಆ ಮಾತು ಕೇಳಿ ಪಕ್ಕದ ಬೀದಿಯ ಇಬ್ಬರು ಆಗಲೇ ವೈದ್ಯರಲ್ಲಿಗೆ ಹೋಗಿಬಂದರು. ಅವರಲ್ಲಿ ಏನೂ ಇರಲಿಲ್ಲ.

ಮಿತ್ರರೇ, ನಾವು ಪದವಿಗಾಗಿ ಓದುವವರು. ಅಕ್ಷರ ಕಲಿಯದ ಒಬ್ಬ ತಾಯಿ ಹೇಳಬಲ್ಲ ಹೆಸರನ್ನು ನಾವು ನಮ್ಮ ಮನೆಗಳಲ್ಲಿ ಹೇಳಲಾರೆವೆ?